ಓದುಗರ ಪ್ರಶ್ನೆ: ಹೊನ್ನಿನ ಬಣ್ಣದ ಬಿಳಿ ವೈನ್ ಕೆಟ್ಟಿದೆಯೇ?

ಪ್ರಶ್ನೆ: ಫ್ರಾನ್ಸಿನ ‘ಕೂಲೇ ದ ಸೆರಾಂ’ ಬಾಟಲಿ ತೆರೆದೆವು. ಬಣ್ಣ ಗಾಢ ಹೊನ್ನು. ಫ್ರಿಜ್‌ನಿಂದ ತೆಗೆದು ಸುರಿದಾಗ ಪರಿಮಳವೇ ಇಲ್ಲ, ಬರೀ ಹುಳಿ. ಕೆಟ್ಟಿದೆಯೇ?

ಉತ್ತರ: ಬಣ್ಣ ನೋಡಿ ಗಾಬರಿಯಾಗಬೇಡಿ. ಇದು ಶೆನಿನ್ ಬ್ಲಾಂಕ್ ದ್ರಾಕ್ಷಿಯದು. ಒಂದೇ ತೋಟವನ್ನು ಹಲವು ಸುತ್ತು ಕೊಯ್ದು, ಚೆನ್ನಾಗಿ ಮಾಗಿದ ಹಣ್ಣನ್ನಷ್ಟೇ ತೆಗೆಯುತ್ತಾರೆ, ಹೊಂಬಣ್ಣ ಸಹಜ. ಎಡವಟ್ಟಾಗಿರುವುದು ತಂಪಿನಲ್ಲಿ. 4–5 ಡಿಗ್ರಿಯಲ್ಲಿ ಪರಿಮಳ ಏಳುವುದಿಲ್ಲ, ಹುಳಿಯೊಂದೇ ಎದ್ದು ಕಾಣುತ್ತದೆ. ಸುಮಾರು 14 ಡಿಗ್ರಿಗೆ ಬರಲಿ. ಹಿಂದಿನ ದಿನವೇ ಅಗಲ ಹೊಟ್ಟೆಯ ಗಾಜಿನ ಹೂಜಿಗೆ ನಿಧಾನವಾಗಿ ಬಗ್ಗಿಸಿ, ತಂಪು ಜಾಗದಲ್ಲಿಡಿ. ಗಾಳಿ ತಾಗಿದಂತೆ ಜೇನು, ಒಣಹಣ್ಣಿನ ವಾಸನೆ ಒಂದೊಂದಾಗಿ ಬಿಚ್ಚಿಕೊಳ್ಳುತ್ತದೆ. ಈ ಕಾಯುವಿಕೆ ತಪ್ಪಿಸಿದರೆ ಇಂಥ ವೈನ್‌ಗೆ ಅನ್ಯಾಯ. ವಿನೆಗರ್ ಘಾಟಿದ್ದರೆ, ಬಣ್ಣ ಮಂಕು ಕಂದಾಗಿದ್ದರೆ ಕೆಟ್ಟಿದೆ. ಒದ್ದೆ ರಟ್ಟಿನ ವಾಸನೆ ಬಂದರೆ ಬಿರಡೆಯ ದೋಷ. ಎಷ್ಟು ಗಾಳಿಯಾಡಿಸಿದರೂ ಸರಿಹೋಗದು.

ಪ್ರಶ್ನೆ: ಇದರ ತೋಟ ಎಲ್ಲಿದೆ? ಮಾಡುವವರು ಯಾರು?

ಉತ್ತರ: ಲುವಾರ್ ನದಿ ದಂಡೆಯಲ್ಲಿ, ಆಂಜೆ ಪಟ್ಟಣದ ಹತ್ತಿರದ ಸಾವೆನಿಯೇರ್‌ನಲ್ಲಿ. ಸುಮಾರು 7 ಹೆಕ್ಟೇರ್, ಅಷ್ಟೇ. ಇಡೀ ತೋಟ ಜೋಲಿ ಕುಟುಂಬದ್ದು. 12ನೇ ಶತಮಾನದಲ್ಲಿ ಸಿಸ್ಟರ್ಸಿಯನ್ ಎಂಬ ಕ್ರೈಸ್ತ ಪಂಥದ ಸನ್ಯಾಸಿಗಳು ಇಲ್ಲಿ ಬಳ್ಳಿ ನೆಟ್ಟರು. ಪದರುಪದರಾದ ಶಿಸ್ಟ್ ಕಲ್ಲಿನ ಮೇಲೆ ತೆಳು ಮಣ್ಣು. ಕಡಿದಾದ ಇಳಿಜಾರಿನಲ್ಲಿ ಕುದುರೆ ಕಟ್ಟಿ ಉಳುತ್ತಾರೆ. ನಿಕೋಲಾ ಜೋಲಿ 1980ರ ದಶಕದಲ್ಲೇ ರಾಸಾಯನಿಕ ಬಿಟ್ಟು ಬಯೋಡೈನಾಮಿಕ್ ಕೃಷಿಗೆ (ತೋಟವನ್ನು ಒಂದೇ ಜೀವಿಯಂತೆ ಕಂಡು, ಚಂದ್ರನ ಚಲನೆ ನೋಡಿ ಮಾಡುವ ಸಾವಯವ ಕೃಷಿ) ಹೊರಳಿದವರು. ಹುದುಗೆಬ್ಬಿಸಲು ಹೊರಗಿನ ಈಸ್ಟ್ ಹಾಕುವುದಿಲ್ಲ. ವರ್ಷದಿಂದ ವರ್ಷಕ್ಕೆ ರುಚಿ ಸಾಕಷ್ಟು ಬದಲಾಗಲು ಇದೂ ಒಂದು ಕಾರಣ.