ಆಶ್ರಯದ ಅರ್ಜಿ ಹಾಕಲೇ ಎಂದು ಕೇಳಿದ ತಮ್ಮನಿಗೆ

ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಆಸ್ಟ್ರೇಲಿಯಾದ ವಿದ್ಯಾರ್ಥಿ ವೀಸಾ ನಾಲ್ಕು ತಿಂಗಳಲ್ಲಿ ಮುಗಿಯಲಿದೆ, ಊರಿನ ಸಾಲ ಇನ್ನೂ ಹಾಗೇ ಇದೆ, ಊರಿಗೆ ಮರಳಿದರೆ ಜೀವಕ್ಕೆ ಅಪಾಯವೆಂದು ಆಶ್ರಯ ಕೋರಿ ಅರ್ಜಿ ಹಾಕಿದರೆ ತೀರ್ಮಾನವಾಗುವ ತನಕ ವರ್ಷಗಟ್ಟಲೆ ದುಡಿಯಬಹುದೆಂದು ಪರಿಚಯದ ಏಜೆಂಟರೊಬ್ಬರು ಹೇಳಿದ್ದಾರೆ. ಹಾಕಬಹುದೇ, ಹಾಕಿದರೆ ಡಿಟೆನ್ಷನ್ ಸೆಂಟರಿಗೆ (ವೀಸಾ ಇಲ್ಲದವರನ್ನು ಕೂಡಿಹಾಕುವ ಜಾಗಕ್ಕೆ) ಒಯ್ಯುತ್ತಾರೆಯೇ, ಮೆಲ್ಬರ್ನಿನಲ್ಲಿ ಬಾಡಿಗೆ ಎಲ್ಲಿ ಕಡಿಮೆ ಎಂದು ಕೇಳಿದ್ದೀರಿ. ಬಾಡಿಗೆ ಪಶ್ಚಿಮದ ಬಡಾವಣೆಗಳಲ್ಲಿ ತುಸು ಕಡಿಮೆ. ಅದನ್ನು ಇಲ್ಲಿಗೇ ಬಿಡುತ್ತೇನೆ.

ಅರ್ಜಿ ಹಾಕಿದ ಮಾತ್ರಕ್ಕೆ ಯಾರನ್ನೂ ಒಳಗೆ ಹಾಕುವುದಿಲ್ಲ. ವೀಸಾ ಇರುವಾಗಲೇ ಅರ್ಜಿ ಸಲ್ಲಿಸಿದವರಿಗೆ ಬ್ರಿಡ್ಜಿಂಗ್ ವೀಸಾ, ಎಂದರೆ ತೀರ್ಮಾನವಾಗುವ ತನಕ ಇಲ್ಲಿರಲು ಬಿಡುವ ತಾತ್ಕಾಲಿಕ ವೀಸಾ, ಸಿಗುತ್ತದೆ. ಏಜೆಂಟರ ಮಾತು ಅಷ್ಟರ ಮಟ್ಟಿಗೆ ಸುಳ್ಳಲ್ಲ. ಅವರು ಹೇಳದೆ ಬಿಟ್ಟದ್ದೇ ಹೆಚ್ಚು. ಆ ಅರ್ಜಿ ತಿರಸ್ಕೃತವಾದರೆ ಇಲ್ಲಿದ್ದುಕೊಂಡು ಮತ್ತೊಮ್ಮೆ ಆಶ್ರಯ ಕೇಳುವಂತಿಲ್ಲ, ಉಳಿದ ಬಹುಪಾಲು ವೀಸಾಗಳ ಬಾಗಿಲೂ ಮುಚ್ಚುತ್ತದೆ. ಬ್ರಿಡ್ಜಿಂಗ್ ವೀಸಾ ಮುಗಿದ ಮೇಲೂ ಹೊರಡದೆ ಉಳಿದವರ ವಿಷಯದಲ್ಲಿ 1958ರ ವಲಸೆ ಕಾಯ್ದೆಯ 189ನೇ ಸೆಕ್ಷನ್ ‘ಹಿಡಿಯಬಹುದು’ ಎನ್ನುವುದಿಲ್ಲ, ‘ಹಿಡಿಯಲೇಬೇಕು’ ಎನ್ನುತ್ತದೆ. ಅದಕ್ಕೆ ನ್ಯಾಯಾಲಯದ ಅಪ್ಪಣೆ ಬೇಡ, ಇಷ್ಟೇ ದಿನವೆಂಬ ಮಿತಿಯೂ ಕಾಯ್ದೆಯಲ್ಲಿಲ್ಲ. ಕೋಳಿ ಕದ್ದವನನ್ನೂ 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಬೇಕೆನ್ನುವ ದೇಶದಿಂದ ಬಂದ ನಮಗೆ ಇದು ಬೇಗ ತಲೆಗೆ ಹತ್ತುವುದಿಲ್ಲ.

1992ರಲ್ಲಿ ದೋಣಿಗಳಲ್ಲಿ ಬಂದವರಿಗೆಂದು ತಂದ ಕಡ್ಡಾಯ ಬಂಧನವನ್ನು 1994ರಿಂದ ವೀಸಾ ಇಲ್ಲದ ಎಲ್ಲರಿಗೂ ವಿಸ್ತರಿಸಲಾಯಿತು. ವಾಪಸು ಕಳಿಸಲು ಯಾವ ದೇಶವೂ ಸಿಗದ ಮನುಷ್ಯನನ್ನು ಕೊನೆಯಿಲ್ಲದೆ ಇರಿಸಿಕೊಳ್ಳುವುದೂ ಸರಿಯೆಂದು 2004ರಲ್ಲಿ ಇಲ್ಲಿನ ಹೈಕೋರ್ಟು, ಎಂದರೆ ಈ ದೇಶದ ಅತ್ಯುಚ್ಚ ನ್ಯಾಯಾಲಯ, ಹೇಳಿತ್ತು. ರೋಹಿಂಗ್ಯಾ ವ್ಯಕ್ತಿಯೊಬ್ಬರ ಮೊಕದ್ದಮೆಯಲ್ಲಿ ಅದನ್ನು ತಪ್ಪೆಂದು ಅದೇ ಕೋರ್ಟು ಒಪ್ಪಿದ್ದು 2023ರ ನವೆಂಬರಿನಲ್ಲಿ. ನಡುವಿನ 19 ವರ್ಷ ಯಾರಿಗೂ ಹಿಂದಿರುಗುವುದಿಲ್ಲ. ನಾವು ವಿಮಾನದಲ್ಲಿ ಬಂದವರು, ಹೊರಗಿದ್ದು ಕಾಯುತ್ತೇವೆ. 2013ರ ಜುಲೈ 19ರ ನಂತರ ದೋಣಿಯಲ್ಲಿ ಬಂದು ಇದೇ ಆಶ್ರಯ ಕೇಳಿದವರನ್ನು ದೇಶದ ಹೊರಗೆ, ಪೆಸಿಫಿಕ್ ಸಾಗರದ ನೌರು, ಮಾನಸ್ ದ್ವೀಪಗಳಿಗೆ ಸಾಗಿಸಿದರು.

ಇದನ್ನೆಲ್ಲ ಓದಿ ತಿಳಿದದ್ದು ಬಹಳ ತಡವಾಗಿ. 2003ರ ಚಳಿಯಲ್ಲಿ ನಾನು ಬಂದಿಳಿದಾಗ ಮೆಲ್ಬರ್ನಿನ ಫುಟ್ಸ್‌ಕ್ರೇ ಬಡಾವಣೆಯ ಒಂದು ಮನೆಯಲ್ಲಿ ಐದು ಜನ ಇದ್ದೆವು. ಅವರಲ್ಲಿ ಒಬ್ಬ ಹಾಸನದ ಕಡೆಯ ಹುಡುಗ. ಮೊದಲ ವಾರ ನನಗೆ ಅನ್ನ ಸಾರು ಮಾಡಿ ಬಡಿಸಿದವನು ಅವನೇ. ಆಗ ವಿದ್ಯಾರ್ಥಿಗಳು ವಾರಕ್ಕೆ 20 ಗಂಟೆ ಮಾತ್ರ ದುಡಿಯಬಹುದಿತ್ತು. ಅಪ್ಪ ತೋಟ ಅಡವಿಟ್ಟು ಕಳಿಸಿದ್ದನ್ನು ಬಿಡಿಸಿಕೊಳ್ಳಬೇಕೆಂದು ಅವನು ಗೋದಾಮೊಂದರಲ್ಲಿ ರಾತ್ರಿ ಪಾಳಿ ಸೇರಿಸಿಕೊಂಡು ಅದನ್ನು ಮೀರಿದ. ಒಂದು ಬೆಳಗ್ಗೆ ಅಧಿಕಾರಿಗಳು ಕೆಲಸದ ಜಾಗಕ್ಕೇ ಬಂದರು. ಅವನ ವೀಸಾ ರದ್ದಾಯಿತು, ಅವನು ಮಾರಿಬಿರ್ನಾಂಗ್ ಡಿಟೆನ್ಷನ್ ಸೆಂಟರು ಸೇರಿದ.

ಆ ಸೆಂಟರು ಇದ್ದದ್ದು ನಾವು ಶನಿವಾರ ಸಾಮಾನು ತರಲು ಹೋಗುತ್ತಿದ್ದ ಹೈಪಾಯಿಂಟ್ ಮಾಲಿಗೆ ಸಮೀಪದಲ್ಲೇ. ಮನೆಗೆ ಫೋನು ಮಾಡಿ ತನ್ನ ಬಟ್ಟೆ, ಸ್ವೆಟರು ತಂದುಕೊಡುವಂತೆ ನನ್ನನ್ನೇ ಕೇಳಿದ. ನಾನು ಆಗ ಪರ್ಮನೆಂಟ್ ರೆಸಿಡೆನ್ಸಿಗೆ ಕಾಗದಪತ್ರ ಜೋಡಿಸುತ್ತಿದ್ದೆ. ಭೇಟಿಗೆ ಹೋದವರು ಗುರುತು ತೋರಿಸಿ ಹೆಸರು ಬರೆಸಬೇಕೆಂದು ಕೇಳಿ ಹೆದರಿದೆ. ‘ಹೆಸರು ಕಂಡರೆ ನನ್ನ ಅರ್ಜಿಯೂ ಕೆಡುತ್ತದೆ’ ಎಂದು ಮನೆಯವರೆಲ್ಲರ ಎದುರು ಬಾಯಿಬಿಟ್ಟು ಹೇಳಿದೆ. ಹಾಗೇನೂ ಆಗುವುದಿಲ್ಲ, ಕಾನೂನಿನಲ್ಲಿ ಅಂಥದ್ದಿಲ್ಲ. ಕೇಳಿ ತಿಳಿಯುವಷ್ಟು ಧೈರ್ಯವೂ ನನಗಿರಲಿಲ್ಲ. ಸೂಟ್‌ಕೇಸು ಹೊತ್ತು ಹೋದವನು ನಮ್ಮ ಜೊತೆಗಿದ್ದ ನೇಪಾಳದ ಹುಡುಗ, ಕನ್ನಡದ ಒಂದಕ್ಷರ ಬಾರದವನು. ಕರೆಯದಿದ್ದರೂ ಸಾವಿನ ಮನೆಗೆ ಹೋಗಿ ಕೂರುವ ಊರಿನವನು ನಾನು, ಕರೆದರೂ ಹೋಗಲಿಲ್ಲ.

ಆರು ವಾರ ಇದ್ದು ಅವನು ಊರಿಗೆ ಹೋದ. ಇರಾನಿನವರು, ಶ್ರೀಲಂಕಾದ ತಮಿಳರು ವರ್ಷಗಳಿಂದ ಅಲ್ಲಿದ್ದರಂತೆ. ‘ನಾನಿಲ್ಲಿ ನೆಂಟ, ಅವರು ಒಕ್ಕಲು’ ಎಂದಿದ್ದನಂತೆ ನೇಪಾಳಿಗೆ. ಕೂಡಿಹಾಕಿದ ದಿನಗಳ ಖರ್ಚನ್ನು ಒಳಗಿದ್ದವರಿಂದಲೇ ವಸೂಲು ಮಾಡುವ ಕಾನೂನು ಆಗ ಇತ್ತು (2009ರಲ್ಲಿ ತೆಗೆದರು), ಅವನ ಹೆಸರಿಗೂ ಬಿಲ್ಲು ಬಂತು. ಕೆಲವು ವರ್ಷಗಳ ಮೇಲೆ, ಪೌರತ್ವ ಪಡೆದು ಹೆಮ್ಮೆಯಿಂದಲೇ ಊರಿಗೆ ಹೋದಾಗ, ಅವನ ಹಾರ್ಡ್‌ವೇರ್ ಅಂಗಡಿ ಹುಡುಕಿಕೊಂಡು ಹೋದೆ. ಟೀ ತರಿಸಿದ. ಮಳೆ, ಅಡಿಕೆ ರೇಟು ಮಾತಾಡಿದ. ಮೆಲ್ಬರ್ನಿನ ಬಗ್ಗೆ ಕೇಳಿದ್ದು ಒಂದೇ: ‘ಆ ನೇಪಾಳಿ ಹೇಗಿದ್ದಾನೆ?’

ಈಗ ನಿಮ್ಮ ವಿಷಯ. ಜಾತಿ, ಧರ್ಮ, ರಾಜಕೀಯದ ಕಾರಣಕ್ಕೆ ನಿಮ್ಮ ಜೀವಕ್ಕೆ ನಿಜವಾದ ಅಪಾಯವಿದ್ದರೆ (ಬೇರೆ ಜಾತಿಯಲ್ಲಿ ಮದುವೆಯಾಗಿ ಓಡಿಬಂದವರನ್ನು ಇಲ್ಲಿ ಕಂಡಿದ್ದೇನೆ) ಆ ಅರ್ಜಿ ನಿಮ್ಮ ಹಕ್ಕು, ಅದಕ್ಕೆ ನಾಚಬೇಕಿಲ್ಲ. ಸಾಲವೊಂದೇ ಕಾರಣವಾದರೆ ಏಜೆಂಟರು ಬರೆದುಕೊಡುವ ಕಥೆಗೆ ಸಹಿ ಹಾಕಬೇಡಿ. ಸುಳ್ಳು ಅರ್ಜಿಗಳ ರಾಶಿ ಬೆಳೆದಷ್ಟೂ ನಿಜವಾಗಿ ಓಡಿಬಂದವರ ಸರದಿ ಹಿಂದೆ ಸರಿಯುತ್ತದೆ. ನಿಮ್ಮ ಏಜೆಂಟರ ಹೆಸರು ಸರ್ಕಾರದ ನೋಂದಾಯಿತ ವಲಸೆ ಏಜೆಂಟರ ಪಟ್ಟಿಯಲ್ಲಿದೆಯೇ ಎಂದು ಇವತ್ತೇ ನೋಡಿ. ಕಾನೂನು ನೆರವು ಕೇಂದ್ರಕ್ಕೆ ಒಬ್ಬರೇ ಹೋಗಲು ಹಿಂಜರಿಕೆಯಾದರೆ ಮುಂದಿನ ವಾರ ನಾನೂ ಬರುತ್ತೇನೆ, ಯಾವ ದಿನವೆಂದು ತಿಳಿಸಿ.