ವ್ಯವಸ್ಥಿತ ವಿಮರ್ಶೆಗೆ ಗ್ರಂಥಪಾಲಕರನ್ನು ಯಾವಾಗ ಕಾಣಬೇಕು?

ನಮಸ್ಕಾರ. ಗರ್ಭಿಣಿಯರ ರಕ್ತಹೀನತೆಯ ಬಗ್ಗೆ ಸಿಸ್ಟಮ್ಯಾಟಿಕ್ ರಿವ್ಯೂ (ಒಂದು ಪ್ರಶ್ನೆಯ ಮೇಲಿನ ಎಲ್ಲ ಅಧ್ಯಯನಗಳನ್ನೂ ಕ್ರಮಬದ್ಧವಾಗಿ ಹುಡುಕಿ ಒಟ್ಟಾಗಿ ಪರಿಶೀಲಿಸುವ ವ್ಯವಸ್ಥಿತ ವಿಮರ್ಶೆ) ಮಾಡುತ್ತಿರುವ ನೀವು, ಪಬ್‌ಮೆಡ್ ಎಂಬ ವೈದ್ಯಕೀಯ ಲೇಖನಗಳ ಡೇಟಾಬೇಸಿನಲ್ಲಿ ಹುಡುಕಾಟ ಮುಗಿಸಿದ ಮೇಲೆ ಗ್ರಂಥಪಾಲಕರಿಗೆ ತೋರಿಸಿದರೆ ಸಾಕೇ ಎಂದು ಕೇಳಿದ್ದೀರಿ. ಸಾಲದು ಎಂಬುದು ನನ್ನ ಖಚಿತ ಅಭಿಪ್ರಾಯ. ಪ್ರೋಟೋಕಾಲ್ (ವಿಮರ್ಶೆಯ ಯೋಜನೆ) ಬರೆಯುವ ಹಂತದಲ್ಲೇ, ಅದನ್ನು ಪ್ರಾಸ್ಪೆರೋ ಎಂಬ ವಿಮರ್ಶೆಗಳ ನೋಂದಣಿ ತಾಣದಲ್ಲಿ ನೋಂದಾಯಿಸುವ ಮೊದಲೇ ಅವರನ್ನು ಕಾಣಿರಿ. ಹುಡುಕಾಟದಲ್ಲಿ ಬಿಟ್ಟುಹೋದ ಅಧ್ಯಯನವನ್ನು ಮುಂದೆ ಎಂಥ ಸಂಖ್ಯಾಶಾಸ್ತ್ರವೂ ಮರಳಿ ತರಲಾರದು.

ನಿಮ್ಮ ವಿಷಯವನ್ನೇ ನೋಡಿ. ರಕ್ತಹೀನತೆಯ ಇಂಗ್ಲಿಷ್ ಪದಕ್ಕೆ ಬ್ರಿಟಿಷ್ ಮತ್ತು ಅಮೆರಿಕನ್ ಎಂದು ಎರಡು ಕಾಗುಣಿತಗಳಿವೆ. ಬರೆದ ಪದಕ್ಕೆ ತಕ್ಕ ಮೆಶ್ ಶೀರ್ಷಿಕೆಯನ್ನು (ಲೇಖನಗಳನ್ನು ವಿಷಯವಾರು ಗುರುತಿಸುವ ಪ್ರಮಾಣಿತ ಪದವನ್ನು) ಪಬ್‌ಮೆಡ್ ತಾನಾಗಿಯೇ ಜೋಡಿಸಿಕೊಳ್ಳುತ್ತದೆ. ಆದರೆ ಪದದ ಬೇರೆ ರೂಪಗಳೂ ಸಿಗಲೆಂದು ಅದರ ಕೊನೆಗೆ ನಕ್ಷತ್ರ ಚಿಹ್ನೆ (*) ಹಾಕಿದೊಡನೆ ಆ ಜೋಡಣೆ ನಿಂತುಹೋಗುತ್ತದೆ, ಪರದೆಯ ಮೇಲೆ ಸಾವಿರಾರು ಫಲಿತಾಂಶಗಳು ಕಾಣುತ್ತಿರುವುದರಿಂದ ಏನು ತಪ್ಪಿಹೋಯಿತೆಂದು ಗೊತ್ತೇ ಆಗುವುದಿಲ್ಲ. ಎಂಬೇಸ್ ಎಂಬ ಇನ್ನೊಂದು ಡೇಟಾಬೇಸಿಗೆ ಎಮ್‌ಟ್ರೀ ಎಂಬ ತನ್ನದೇ ಪದಕೋಶವಿರುವುದರಿಂದ ಪಬ್‌ಮೆಡ್‌ನ ಹುಡುಕಾಟದ ಸಾಲನ್ನು ಅಲ್ಲಿ ಹಾಗೆಯೇ ಅಂಟಿಸಿದರೆ ನಡೆಯದು.

ಹೋಗುವಾಗ, ನಿಮ್ಮ ವಿಮರ್ಶೆಯಲ್ಲಿ ಇರಲೇಬೇಕಾದ ನಾಲ್ಕೈದು ಲೇಖನಗಳನ್ನು ಒಯ್ಯಿರಿ; ಹುಡುಕಾಟಕ್ಕೆ ಅವು ಸಿಗದಿದ್ದರೆ ಎಲ್ಲಿ ಸೋರಿತೆಂದು ಆಗಲೇ ಪತ್ತೆ ಹಚ್ಚಬಹುದು. ಸಾಧ್ಯವಾದರೆ ಇನ್ನೊಬ್ಬ ಗ್ರಂಥಪಾಲಕರಿಂದ ‘ಪ್ರೆಸ್’ ಎಂಬ, ಹುಡುಕಾಟದ ತಪ್ಪು ಹಿಡಿಯುವ ಪರಿಶೀಲನಾ ಪಟ್ಟಿಯ ಪ್ರಕಾರ ಪರಿಶೀಲನೆ ಮಾಡಿಸಿ. ಪ್ರತಿ ಡೇಟಾಬೇಸಿನ ಪೂರ್ತಿ ಹುಡುಕಾಟದ ಸಾಲನ್ನೂ ದಿನಾಂಕವನ್ನೂ ಅಂದೇ ಬರೆದಿಡಿ. ಹುಡುಕಾಟವನ್ನು ಹೇಗೆ ವರದಿ ಮಾಡಬೇಕೆಂದು ಹೇಳುವ, 2021ರಲ್ಲಿ ಪ್ರಕಟವಾದ ಪ್ರಿಸ್ಮಾ-ಎಸ್ ಮಾರ್ಗಸೂಚಿಯ 16 ಅಂಶಗಳಲ್ಲಿ ಇವೂ ಸೇರಿವೆ.

ಹುಡುಕಾಟವನ್ನು ಕಟ್ಟಿ, ವಿಧಾನದ ಭಾಗವನ್ನು ಬರೆದು, ಅಂತಿಮ ಕರಡನ್ನು ಓದಿ ಒಪ್ಪಿದ ಗ್ರಂಥಪಾಲಕರ ಹೆಸರು ಕೃತಜ್ಞತೆಯ ಸಾಲಿನಲ್ಲಲ್ಲ, ಲೇಖಕರ ಸಾಲಿನಲ್ಲಿರಬೇಕು. ಈ ವಿಷಯವನ್ನು ನಿಮ್ಮ ಮಾರ್ಗದರ್ಶಕರೊಂದಿಗೆ ಮೊದಲೇ ಮಾತಾಡಿಕೊಳ್ಳಿ.