ಸಿಆರ್‌ಪಿ 48 ಬಂದೈತಿ, ಅಪ್ಪಾರು ಏಳ್ತಾರೇನ್ರಿ?

ಪ್ರಶ್ನೆ: ಡಾಕ್ಟರ್ರಿಗೆ ನಮಸ್ಕಾರ. ನಮ್ಮ ಅಪ್ಪಾರಿಗೆ 63 ವರ್ಷ, ಸೀರಿ ನೇಯ್ತಾರ. ಹತ್ತು ದಿನದ ಹಿಂದ ಲಕ್ವಾ ಹೊಡೆದು ಬಲಗೈ, ಬಲಗಾಲು ಬಿದ್ದಾವ. ಮೆದುಳಿನ ರಕ್ತನಾಳ ಕಟ್ಟೈತಿ ಅಂತ ಸ್ಕ್ಯಾನಿನ್ಯಾಗ ಬಂತು. ಮನಿಗೆ ಬಂದ ಮ್ಯಾಲೆ ರಕ್ತ ತಪಾಸ ಮಾಡಿಸಿದ್ರ ಸಿಆರ್‌ಪಿ 48. ‘ಇಷ್ಟಿದ್ರ ಏಳೂದು ಕಠಿಣ’ ಅಂದ್ರು ಲ್ಯಾಬಿನವರು. ಜ್ವರ ಇಲ್ಲ. ಚಹಾ ಕುಡಿಯುವಾಗಷ್ಟ ಕೆಮ್ಮು. ಮತ್ತ ಮಗ್ಗಕ್ಕ ಕೂಡ್ತಾರೇನ್ರಿ?
— ಓದುಗರು, ಇಳಕಲ್

ಉತ್ತರ: ನಿಮ್ಮ ಕಾಗದದಲ್ಲಿ ನನಗೆ ಅಂಜಿಕೆ ಹುಟ್ಟಿಸಿದ್ದು 48 ಅಲ್ಲ, ಆ ಚಹಾದ ಕೆಮ್ಮು. ಅಂಕಣ ಅಚ್ಚಾಗುವವರೆಗೆ ಕಾಯದೆ ಅಂದೇ ಫೋನು ಮಾಡಿದ್ದು ಅದಕ್ಕೇ. ಲಕ್ವಾ ಹೊಡೆದ ಬಹಳ ಮಂದಿಗೆ ನುಂಗುವುದೂ ಕಷ್ಟವಾಗುತ್ತದೆ. ನೀರು, ಚಹಾದಂಥ ತೆಳುವಾದದ್ದು ಶ್ವಾಸನಾಳಕ್ಕೆ ಜಾರಿ ನ್ಯುಮೋನಿಯಾ ಆಗುತ್ತದೆ. ವಯಸ್ಸಾದವರಿಗೆ ಜ್ವರ ಬಾರದೆಯೂ ಇರಬಹುದು. ಫೋನಿನ ನಂತರ ತೆಗೆಸಿದ ಎಕ್ಸ್‌ರೇಯಲ್ಲಿ ಕಂಡದ್ದೂ ನ್ಯುಮೋನಿಯಾವೇ. ಔಷಧ ಶುರುವಾಗಿ ನಾಲ್ಕು ದಿನಕ್ಕೆ 48 ಇದ್ದದ್ದು 17ಕ್ಕೆ ಇಳಿಯಿತು, ಬಲಗೈ ಮಾತ್ರ ಇದ್ದಲ್ಲೇ ಇದೆ ಎಂದಿರಿ. ಅಂದಮೇಲೆ ಆ ಅಂಕಿ ಹೇಳುತ್ತಿದ್ದದ್ದು ಹೆಚ್ಚಾಗಿ ಎದೆಯ ಸುದ್ದಿ, ಕೈಯದಲ್ಲ.

ಸಿಆರ್‌ಪಿ ಎಂಬುದು ಮೈಯಲ್ಲಿ ಎಲ್ಲೇ ಉರಿಯೂತವಾದರೂ ಯಕೃತ್ತು ತಯಾರಿಸುವ ಪ್ರೋಟೀನು. 1930ರಲ್ಲಿ ಅದನ್ನು ಮೊದಲು ಗುರುತಿಸಿದ್ದೂ ನ್ಯುಮೋನಿಯಾ ರೋಗಿಗಳ ರಕ್ತದಲ್ಲೇ. ಲ್ಯಾಬಿನವರದು ಪೂರಾ ಸುಳ್ಳಲ್ಲ: ಸಿಆರ್‌ಪಿ ಏರಿದವರು, ಬಿಳಿ ರಕ್ತಕಣಗಳಲ್ಲಿ ನ್ಯೂಟ್ರೋಫಿಲ್ ಎಂಬವು ಹೆಚ್ಚಾಗಿ ಲಿಂಫೋಸೈಟ್ ಎಂಬವು ಇಳಿದವರು ಮೂರು ತಿಂಗಳ ಮೇಲೂ ಚೇತರಿಕೆಯಲ್ಲಿ ಹಿಂದೆ ಬೀಳುವುದು ಹೆಚ್ಚು. ಮೆದುಳಿಗೆ ಪೆಟ್ಟು ದೊಡ್ಡದಿದ್ದರೆ ಉರಿಯೂತವೂ ದೊಡ್ಡದು. ಆದರೆ ಅದು ನೂರಾರು ಜನರ ಲೆಕ್ಕ. ಒಬ್ಬರ ಹಾಸಿಗೆಯ ಪಕ್ಕ ನಿಂತಾಗ ವಯಸ್ಸು, ಮೊದಲ ದಿನದ ಪೆಟ್ಟಿನ ಗಾತ್ರ ಇವೇ ಹೆಚ್ಚು ತಿಳಿಸುತ್ತವೆ. ಲ್ಯಾಬಿನ ಕೆಲಸ ಅಂಕಿ ಕೊಡುವುದು, ಭವಿಷ್ಯ ಹೇಳುವುದಲ್ಲ.

ಕೈಯ ಸಂಗತಿ ಬೆರಳನ್ನೇ ಕೇಳಬೇಕು. ತೋಳು ಪಕ್ಕಕ್ಕೆ ತುಸು ಏಳುತ್ತದೆಯೇ, ಮಡಚಿದ ಬೆರಳು ಬಿಚ್ಚುತ್ತದೆಯೇ? ಇವು ಮೊದಲ ದಿನಗಳಲ್ಲೇ ಕಂಡರೆ ಕೈ ಮರಳುವ ಆಸೆ ಹೆಚ್ಚು. ಎರಡು ಬೆರಳು ಮೂರನೇ ದಿನದಿಂದಲೇ ಚೂರು ಬಿಚ್ಚುತ್ತಿವೆ ಎಂದಿರಲ್ಲ, ನನಗೆ ಅದು ರಕ್ತದ ವರದಿಗಿಂತ ಮಿಗಿಲು. ಸೆರಗಿನ ಎಳೆಯನ್ನು ಒಡಲಿನ ಎಳೆಗೆ ಕೊಂಡಿ ಹಾಕಿದ ಬೆರಳುಗಳವು. ಫಿಜಿಯೋಥೆರಪಿಯವರನ್ನು ಕೇಳಿ, ಅವರ ಚೆಂಡಿನ ಜೊತೆಗೆ ದಪ್ಪ ನೂಲನ್ನೂ ಅಪ್ಪಾರ ಕೈಗೆ ಕೊಡಿ. ಮೊದಲ ಮೂರು ತಿಂಗಳೇ ಬಲು ಮುಖ್ಯ. ನುಂಗುವ ಪರೀಕ್ಷೆ ಮಾಡಿದವರು ಹೂಂ ಅನ್ನುವವರೆಗೆ ಚಹಾ ಬೇಡ, ಅಪ್ಪಾರು ಎಷ್ಟೇ ಸಿಟ್ಟಾಗಲಿ. ಬಿಪಿ ಗುಳಿಗೆ ತಪ್ಪಿಸಬೇಡಿ.

ಮಗ್ಗದ ಮಾತು ದೀಪಾವಳಿ ಮುಗಿದ ಮೇಲೆ ಬರೆಯಿರಿ.